ಹಳೆಯ ಚೀಟಿ ಎಸೆದುಬಿಡಿ

ಪ್ರಿಯ ಗ್ರಾಹಕರೇ,

ಈ ತಿಂಗಳಿಂದ ನಮ್ಮ ಅಂಬರ್ ಸರ ಮತ್ತು ಜಪಮಾಲೆಗಳ ಡಬ್ಬಿಯಲ್ಲಿ ಹೊಸ ಚೀಟಿ ಇರುತ್ತದೆ. ಹಳೆಯದು ನಿಮ್ಮ ಬಳಿ ಇದ್ದರೆ ದಯವಿಟ್ಟು ಎಸೆದುಬಿಡಿ. ಅದರಲ್ಲಿ ನಾವು ತಪ್ಪು ಬರೆದಿದ್ದೆವು.

"ರಾತ್ರಿಯಿಡೀ ಕಲ್ಲುಪ್ಪಿನಲ್ಲಿ ಹುದುಗಿಸಿಡಿ, ಬೆಳಿಗ್ಗೆ ಬಿಸಿಲಿಗಿಡಿ, ಮಣಿ ಶುದ್ಧವಾಗುತ್ತದೆ" ಅಂತ ಅದರಲ್ಲಿತ್ತು. ಬೇರೆ ಹರಳುಗಳಿಗೆ ಹೇಳುವ ಮಾತನ್ನು ಸುಮ್ನೆ ಅಂಬರ್‌ಗೂ ಅಂಟಿಸಿದ್ದೆವು. ಹಾಗೆ ಮಾಡಿದ ಕೆಲವರ ಮಣಿಗಳು ಮಂಕಾಗಿ, ಮೈಮೇಲೆ ಕೂದಲೆಳೆಯಂಥ ಬಿರುಕು ಬಿಟ್ಟು ನಮಗೆ ವಾಪಸ್ ಬಂದವು. ತಪ್ಪು ಅವರದಲ್ಲ, ನಮ್ಮದು.

ಅಂಬರ್ ಕಲ್ಲೇ ಅಲ್ಲ. ಮರದಿಂದ ಸೋರಿದ ರಾಳ ಮಣ್ಣಿನಡಿ ಕೋಟ್ಯಂತರ ವರ್ಷ ಕೂತು ಗಟ್ಟಿಯಾದದ್ದು. ನಾವು ಮಾರುವ, ಉತ್ತರ ಯುರೋಪಿನ ಕಡಲತೀರದ ಬಾಲ್ಟಿಕ್ ಅಂಬರ್‌ಗೆ ಸುಮಾರು 4 ಕೋಟಿ ವರ್ಷ ವಯಸ್ಸು. ಆದರೂ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ ಅದು ಬರೀ 2ರಿಂದ 2.5. ಉಪ್ಪಿನ ಹರಳೂ ಹೆಚ್ಚುಕಡಿಮೆ ಅಷ್ಟೇ ಗಟ್ಟಿ. ಉಜ್ಜಿದರೆ ಗೀರು ಬೀಳದೆ ಇರುತ್ತದಾ? ಬಿಸಿಲು, ಗಾಳಿ ಸೇರಿದರೆ ಬಣ್ಣ ಕಪ್ಪಿಡುತ್ತದೆ, ಮೇಲ್ಮೈ ಬಿರಿಯುತ್ತದೆ. ಜರ್ಮನ್ನರು ಇದಕ್ಕಿಟ್ಟ ಹೆಸರಿನ ಅರ್ಥವೇ ಉರಿಯುವ ಕಲ್ಲು. ಅದನ್ನು ಓದಿಯೂ ನಮಗೆ ಹೊಳೆಯಲಿಲ್ಲ ನೋಡಿ.

ಹೆಸರುಗಳ ಮಾತು ಬಂತು, ಸ್ವಲ್ಪ ಹೇಳಿಬಿಡುತ್ತೇವೆ. ಉಣ್ಣೆ ಬಟ್ಟೆಗೆ ಉಜ್ಜಿದ ಅಂಬರ್ ಒಣಹುಲ್ಲಿನ ಎಳೆಯನ್ನು ತನ್ನತ್ತ ಎಳೆಯುತ್ತದೆ. ಅದಕ್ಕೇ ಸಂಸ್ಕೃತದಲ್ಲಿ ಅದು ತೃಣಮಣಿ. ಪರ್ಷಿಯನ್ನರಿಗೆ ಕಹ್ರುಬಾ, ಅಂದರೆ ಹುಲ್ಲು ಕದಿಯುವುದು. ಗ್ರೀಕರು ಎಲೆಕ್ಟ್ರಾನ್ ಅನ್ನುತ್ತಿದ್ದರು. ಆ ಹೆಸರನ್ನೇ ಹಿಡಿದು 1600ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಗಿಲ್ಬರ್ಟ್ ಹೊಸ ಪದ ಕಟ್ಟಿದರು. ನಮ್ಮ ಎಲೆಕ್ಟ್ರಿಕ್ ಬಂದದ್ದು ಅಲ್ಲಿಂದಲೇ. ಮುಟ್ಟದೆ ಎಳೆಯುವ ವಸ್ತುವಿನಲ್ಲಿ ಜನ ಜೀವವಿದೆ ಅಂದುಕೊಂಡದ್ದು ಸಹಜ ಅಲ್ವಾ? ಗ್ರೀಕರ ಕಥೆಯಲ್ಲಿ ಇದು ಸೂರ್ಯನ ಹೆಣ್ಣುಮಕ್ಕಳ ಕಣ್ಣೀರು. ಒಡಹುಟ್ಟಿದ ಫೇಥಾನ್ ಸತ್ತಾಗ ಅವರು ಅತ್ತೂ ಅತ್ತೂ ಮರಗಳಾದರಂತೆ. ಲಿಥುವೇನಿಯದ ಕಥೆಯಲ್ಲಿ ಕಡಲ ದೇವತೆ ಯೂರಾಟೆಯ ಒಡೆದ ಅರಮನೆಯ ಚೂರುಗಳು. ಟಿಬೆಟಿನ ಬೌದ್ಧರ ಮಾಲೆಯಲ್ಲೂ ಮುಸ್ಲಿಮರ ತಸ್ಬೀಹ್‌ನಲ್ಲೂ ಅಂಬರ್ ಇದೆ. ಹಗುರ, ಕಲ್ಲಿನ ಹಾಗೆ ತಣ್ಣಗೆ ಕೊರೆಯುವುದಿಲ್ಲ. ಬೆರಳಲ್ಲಿ ಎಣಿಸಿದವರಿಗೆ ಇದು ಗೊತ್ತು. ಈ ಭಾಗ ಹೊಸ ಚೀಟಿಯಲ್ಲಿ ಮೊದಲಿಗಿಂತ ಜಾಸ್ತಿ ಇದೆ.

ತೆಗೆದುಹಾಕಿದ್ದು "ನೋವು ಹೀರುತ್ತದೆ" ಅನ್ನುವ ಸಾಲು. ಹಲ್ಲು ಬರುವ ಮಕ್ಕಳ ಕೊರಳಿಗೆ ಹಾಕುವ ಸರವನ್ನೂ ಪೂರ್ತಿ ನಿಲ್ಲಿಸಿದ್ದೇವೆ. ಬಾಲ್ಟಿಕ್ ಅಂಬರ್‌ನಲ್ಲಿ ಸಕ್ಸಿನಿಕ್ ಆಮ್ಲ ಇರುವುದು ನಿಜ. ಅದು ಮೈಬಿಸಿಗೆ ಹೊರಬಂದು ಚರ್ಮದೊಳಗೆ ಇಳಿದು ನೋವು ತಗ್ಗಿಸುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಸರ ಕೊರಳಿಗೆ ಬಿಗಿಯುವ, ಮಣಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯಕ್ಕೆ ಆಧಾರವಿದೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿತ್ತು. ನಾವು ಆಗಲೇ ನಿಲ್ಲಿಸಬೇಕಿತ್ತು. ಅಂಥ ಸರ ನಿಮ್ಮಲ್ಲಿದ್ದರೆ ಈಗಲೇ ಮಗುವಿನ ಕೊರಳಿಂದ ತೆಗೆದು ನಮಗೆ ಕಳಿಸಿ. ಪೂರ್ತಿ ಹಣ ವಾಪಸ್ ಕೊಡುತ್ತೇವೆ, ರಸೀದಿ ಬೇಕಿಲ್ಲ.

ಹಾಗಾದರೆ ಶುದ್ಧ ಮಾಡುವುದು ಹೇಗೆ? ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಆರಿಸಿ. ಒರೆಸುವಾಗ ಮಂತ್ರವೋ ಪ್ರಾರ್ಥನೆಯೋ ಹೇಳಿಕೊಳ್ಳಿ, ನಿಮ್ಮಿಷ್ಟ. ಬೆಳದಿಂಗಳಲ್ಲಿಟ್ಟರೂ ಮಣಿಗೆ ಏನೂ ಆಗದು. ಸೆಂಟು, ಸ್ಯಾನಿಟೈಸರ್, ಹೇರ್‌ಸ್ಪ್ರೇ ಮಾತ್ರ ತಾಗಿಸಬೇಡಿ. ಸೆಂಟು ಹಾಕಿಕೊಂಡು, ಅದು ಆರಿದ ಮೇಲೆ ಸರ ಧರಿಸಿ. ಬೇರೆ ಒಡವೆಗಳ ಜೊತೆ ಒಂದೇ ಡಬ್ಬಿಯಲ್ಲಿ ತುರುಕಬೇಡಿ, ಬಟ್ಟೆಯ ಚೀಲ ಸಾಕು.

ಈಗಾಗಲೇ ಮಂಕಾದ ಮಣಿಗಳನ್ನು ಕಳಿಸಿದರೆ ಉಚಿತವಾಗಿ ಪಾಲಿಶ್ ಮಾಡಿಕೊಡುತ್ತೇವೆ. ಮೇಲ್ಮೈಯ ಬಿರುಕು ಹೋಗುತ್ತದೆ, ಮಣಿ ಒಂದು ಕೂದಲಷ್ಟು ಸಣ್ಣದಾಗುತ್ತದೆ. ಬಿರುಕು ಆಳಕ್ಕೆ ಇಳಿದಿದ್ದರೆ ನಿಮ್ಮನ್ನು ಕೇಳಿಯೇ ಬೇರೆ ಮಣಿ ಪೋಣಿಸುತ್ತೇವೆ. ಹಳೆಯ ಮಣಿಯನ್ನೂ ಜೊತೆಗೇ ಕಳಿಸುತ್ತೇವೆ, ಜಪ ಮಾಡಿದ ಮಣಿಯನ್ನು ನಾವು ಇಟ್ಟುಕೊಳ್ಳುವುದಿಲ್ಲ.

ಇಂತಿ,
ನಿಮ್ಮ ಮಣಿ ಪೋಣಿಸುವ ಬಳಗ