ಮಾತ್ರೆಗೆ ಒಲ್ಲೆ, ಆಪರೇಷನ್‌ಗೆ ಸೈ

ಮಾನ್ಯ ಸಂಪಾದಕರೇ,

ಮನೆಮಂದಿ ಸ್ವಂತವಾಗಿ ಮಾಡಿಸುವ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿದ್ದ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಯಿತು. ಸಂತೋಷ. ಆದರೆ ಪ್ರೀಮಿಯಂ ಕಟ್ಟಿದ ಮೇಲೂ ನಮ್ಮ ಜೇಬಿನಿಂದ ಹೋಗುವ ದುಡ್ಡಿನ ಮಾತು ಯಾರೂ ಎತ್ತುತ್ತಿಲ್ಲ.

ನಮ್ಮ ತಾಯಿಗೆ 68 ವರ್ಷ. ಹದಿನೈದು ವರ್ಷದಿಂದ ಶುಗರ್, ಜೊತೆಗೆ ಬಿಪಿ. ಅವರ ಪಾಲಿಸಿಯಲ್ಲಿ ಪ್ರತಿ ಕ್ಲೇಮಿಗೂ ಶೇ 20 ಕೋ-ಪೇ ಇದೆ. ಅಂದರೆ ಬಿಲ್ಲಿನ ಐದರಲ್ಲೊಂದು ಪಾಲು ನಮ್ಮದು. ಉಳಿದದ್ದನ್ನು ಕಂಪನಿ ಕೊಡಬೇಕಾದರೆ ಸಾಮಾನ್ಯವಾಗಿ 24 ಗಂಟೆ ಅಡ್ಮಿಟ್ ಆಗಿರಬೇಕು. ತಿಂಗಳ ಮಾತ್ರೆ, ಶುಗರ್ ಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣು, ಪಾದ ತೋರಿಸುವುದು, ಇದ್ಯಾವುದಕ್ಕೂ ನಯಾಪೈಸೆ ಇಲ್ಲ. ಮಕ್ಕಳಿಗೆ ಯಾಕೆ ಖರ್ಚು ಅಂತ ಅಮ್ಮ ದಿನ ಬಿಟ್ಟು ದಿನ ಮಾತ್ರೆ ನುಂಗುತ್ತಿದ್ದರು. ನಮಗದು ಗೊತ್ತಾದದ್ದು ಕಾಲ್ಬೆರಳಿನ ಹುಣ್ಣು ಕಪ್ಪಾದ ಮೇಲೆ. ಒಂಬತ್ತು ದಿನ ಆಸ್ಪತ್ರೆ. ಬೆರಳು ತೆಗೆದರು. ಬಿಲ್ಲು 1.70 ಲಕ್ಷ, ಅದರಲ್ಲಿ 1.36 ಲಕ್ಷವನ್ನು ಕಂಪನಿ ತಕರಾರಿಲ್ಲದೆ ಕೊಟ್ಟಿತು. ಅಮ್ಮನ ಮಾತ್ರೆಗೆ ತಿಂಗಳಿಗೆ ಒಂದೂವರೆ ಸಾವಿರ. ಕಂಪನಿ ಕೊಟ್ಟ ದುಡ್ಡಿನಲ್ಲಿ ಏಳೂವರೆ ವರ್ಷದ ಮಾತ್ರೆ ಬರುತ್ತಿತ್ತು! ಕಂಪನಿಗೂ ಇದು ನಷ್ಟವೇ ಅಲ್ವಾ?

ಕೋ-ಪೇ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಹೇಗೂ ವಿಮೆ ಇದೆ, ಸುಮ್ನೆ ಒಂದು ಸ್ಕ್ಯಾನ್ ಮಾಡಿಸಿಬಿಡೋಣ ಅನ್ನುವವರು ನಮ್ಮ ನೆಂಟರಲ್ಲೇ ಇದ್ದಾರೆ. ಅವರಿಗೆ ಸ್ವಲ್ಪ ಬಿಸಿ ತಟ್ಟಲಿ. ತೊಂದರೆ ಏನೆಂದರೆ, ಕೈಯಿಂದ ಕೊಡಬೇಕಾದಾಗ ಜನ ಬೇಡದ್ದನ್ನಷ್ಟೇ ಬಿಡುವುದಿಲ್ಲ, ಬೇಕಾದ್ದನ್ನೂ ಬಿಡುತ್ತಾರೆ. ಅಮೆರಿಕದಲ್ಲಿ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಆರೋಗ್ಯ ವಿಮೆಯ ಬಗ್ಗೆ ಶುರು ಮಾಡಿದ ದೊಡ್ಡ ಪ್ರಯೋಗದಲ್ಲಿ ಕಂಡದ್ದೂ ಇದನ್ನೇ. ಚಿಕಿತ್ಸೆ ಪೂರ್ತಿ ಉಚಿತವಾಗಿದ್ದಾಗ ಬಡವರ ಬಿಪಿ ಹೆಚ್ಚು ಹತೋಟಿಯಲ್ಲಿತ್ತು. ಮುಂದೆ ಅಲ್ಲಿ ಹೃದಯಾಘಾತವಾದ 5,855 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೃದಯದ ಮಾತ್ರೆಗಳನ್ನು ಪುಕ್ಕಟೆ ಕೊಟ್ಟು ನೋಡಿದರು. 2011ರಲ್ಲಿ ಫಲಿತಾಂಶ ಬಂತು. ಮಾತ್ರೆ ತಪ್ಪದೆ ನುಂಗುವ ಪ್ರಮಾಣ ಏರಿದ್ದು ನಾಲ್ಕರಿಂದ ಆರು ಶೇಕಡಾ ಅಂಶದಷ್ಟು ಮಾತ್ರ. ಪುಕ್ಕಟೆ ಕೊಟ್ಟರೂ ಮರೆಯುವವರು ಮರೆಯುತ್ತಾರೆ, ಪವಾಡವೇನೂ ಆಗಲಿಲ್ಲ. ಆದರೆ ಒಟ್ಟು ಖರ್ಚು ಜಾಸ್ತಿಯಾಗಲಿಲ್ಲ. ನನಗೆ ಮುಖ್ಯ ಅನ್ನಿಸಿದ್ದು ಅದು.

ನಮ್ಮ ರಾಜ್ಯದಲ್ಲೂ ಈ ಬುದ್ಧಿ ಇಲ್ಲದೇ ಇಲ್ಲ. ಎದೆನೋವು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಉಚಿತವಾಗಿ ಕೊಡುತ್ತಾರೆ. ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಆದರೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಎಪಿಎಲ್ ಕುಟುಂಬಕ್ಕೆ ಸರ್ಕಾರ ಕೊಡುವುದು ಚಿಕಿತ್ಸೆಗೆ ನಿಗದಿಯಾದ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ತಡ ಮಾಡಿದರೆ ಜೀವಕ್ಕೇ ಕುತ್ತಾಗುವ ಚಿಕಿತ್ಸೆಗಾದರೂ ಸರ್ಕಾರ ಈ ಪಾಲನ್ನು ಏರಿಸಬಹುದಲ್ಲ?

ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಮತ್ತು ವಿಮಾ ಕಂಪನಿಗಳಲ್ಲಿ ನನ್ನದೊಂದು ಕೋರಿಕೆ. ಶುಗರ್, ಬಿಪಿ, ಹೃದಯದ ಜೆನೆರಿಕ್ ಮಾತ್ರೆಗಳನ್ನೂ ವರ್ಷಕ್ಕೊಮ್ಮೆ ಕಣ್ಣು, ಪಾದದ ತಪಾಸಣೆಯನ್ನೂ ಎಲ್ಲ ಪಾಲಿಸಿಗಳಿಗೂ ಸೇರಿಸಿ. ಅವಕ್ಕೆ ಕೋ-ಪೇ ಬೇಡ. ಡಾಕ್ಟರ್ ಬೇಡವೆಂದರೂ ಹಟ ಹಿಡಿದು ಮಾಡಿಸುವ ಪರೀಕ್ಷೆಗೆ ಬೇಕಾದರೆ ಶೇ 20ರ ಬದಲು 40 ಹಾಕಿ. ಅಮ್ಮನ ಪಾಲಿಸಿ ಮುಂದಿನ ತಿಂಗಳು ರಿನ್ಯೂವಲ್‌ಗೆ ಬರುತ್ತದೆ. ಬಂದಿರುವ ನೋಟಿಸಿನಲ್ಲಿ ಮಾತ್ರೆಯ ಸುದ್ದಿ ಈ ಸಲವೂ ಇಲ್ಲ.

– ಒಬ್ಬ ಓದುಗ, ತುಮಕೂರು