ಟಾರ್ಚು ಹಿಡಿಯುವ ಹುಡುಗ

ಕುಂಬಳೆ
ಶುಕ್ರವಾರ ರಾತ್ರಿ

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದಗಳು.

ಮನೆಯ ಸುದ್ದಿ ಎಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಪುನಃ ಬರೆಯುವುದಿಲ್ಲ. ನೀನು ಫೋನು ಮಾಡದೆ ಕಾಗದ ಬರೆದದ್ದು ನೋಡಿಯೇ ಏನೋ ಇದೆ ಅಂತ ಗೊತ್ತಾಯಿತು. ಬೋಲ್ಟು ಮುರಿದ ಸಂಗತಿ ಓದಿ ನನಗೆ ನಗು ಬಂತು, ಬೇಜಾರು ಮಾಡಬೇಡ. ಇಂಜಿನ್ನಿನ ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಹಿಡಿದಿಡುವ ಕೊನೆಯ ಸ್ಟಡ್ ಬೋಲ್ಟು ಮುರಿಯದ ಮೆಕ್ಯಾನಿಕ್ ಇನ್ನು ಹುಟ್ಟಬೇಕಷ್ಟೆ. ಬಿಸಿಗೆ ಹಿಗ್ಗಿ, ತಣ್ಣಗಾದಾಗ ಕುಗ್ಗಿ, ಮ್ಯಾನಿಫೋಲ್ಡ್ ಜಾಸ್ತಿ ಎಳೆದಾಡುವುದು ಎರಡು ತುದಿಗಳಲ್ಲೇ. ಅದರ ಮೇಲೆ ನಮ್ಮ ಕಡಲಿನ ಉಪ್ಪುಗಾಳಿ ಬೇರೆ. ನೀನು ಸ್ಪಾನರ್ ಹಾಕುವ ಮೊದಲೇ ಅದು ಒಳಗೆ ಅರ್ಧ ಸತ್ತಿತ್ತು.

ನಗು ನಿಂತದ್ದು ಎರಡನೇ ಪುಟದಲ್ಲಿ. "ಧಣಿಗೆ ಹೇಳಿಲ್ಲ. ಗ್ಯಾಸ್ಕೆಟ್ ಬರಲು ಎಂಟು ದಿನ ಇದೆ. ಅಷ್ಟರೊಳಗೆ ಒಂದು ರಾತ್ರಿ ಎಲ್ಲರೂ ಹೋದ ಮೇಲೆ ತೆಗೆದುಬಿಡುತ್ತೇನೆ. ಟಾರ್ಚು ಹಿಡಿಯಲು ಹೊಸ ಹುಡುಗ ಇದ್ದಾನೆ." ಹೀಗೆ ಬರೆದಿದ್ದೀಯಲ್ಲ. ಆ ಕೊನೆಯ ಮಾತು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ನಿನ್ನ ಅತ್ತೆ ಕೇಳಿದಳು, ಗ್ಯಾಸ್ ಆಗಿದೆ ಅಂದೆ. ಎರಡು ಸಲ ನಿನ್ನ ನಂಬರ್ ಒತ್ತಿದೆ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಬಾಯಲ್ಲಿ ಹೇಳಲು ಬರುವ ವಿಷಯ ಅಲ್ಲ ಇದು. ನಿನ್ನ ಕಾಗದ ಬರುವಾಗಲೇ ಮೂರು ದಿನ ಹೋಗಿದೆ. ಅದಕ್ಕೆ ಅಂಚೆಗೆ ಹಾಕದೆ, ನಾಳೆ ಬೆಳಗ್ಗಿನ ಬಸ್ಸಿಗೆ ಮಂಗಳೂರಿಗೆ ಹೋಗುವವರ ಕೈಯಲ್ಲಿ ಕೊಡುತ್ತೇನೆ.

ಆ ಹುಡುಗನನ್ನು ರಾತ್ರಿ ನಿಲ್ಲಿಸಬೇಡ ಮಾರಾಯಾ.

ಯಾಕೆ ಅಂತ ಹೇಳಬೇಕಲ್ವಾ. 1984, ಕಾಸರಗೋಡು ಬೇರೆ ಜಿಲ್ಲೆಯಾದ ವರ್ಷ. ಮೇ 24ಕ್ಕೆ ಜಿಲ್ಲೆಯಾಯಿತು, ಹಿಂದೆಯೇ ಮಳೆ ಹಿಡಿಯಿತು. ನನಗೆ ಆಗ 22. ಪೇಟೆಯ ಒಂದು ಗ್ಯಾರೇಜಿನಲ್ಲಿದ್ದೆ, ಹೆಸರು ಬೇಡ. ಅಡಿಕೆ ವ್ಯಾಪಾರಿಯೊಬ್ಬರ ಪದ್ಮಿನಿ ಕಾರು ಬಂದಿತ್ತು. ಅಂಬಾಸಿಡರಿನ ಇಂಜಿನ್ ಮೇಲಿನ ಹೆಡ್ ಬೀಡು ಕಬ್ಬಿಣ, ಪದ್ಮಿನಿಯದ್ದು ಅಲ್ಯುಮಿನಿಯಂ. ಅಲ್ಯುಮಿನಿಯಂಗೆ ಕಬ್ಬಿಣದ ಸ್ಟಡ್ ಹಾಕಿ ನಡುವೆ ನೀರು ಸೇರಿದರೆ ಬಿಳಿ ಹುಡಿ ಕಟ್ಟಿ ಕಚ್ಚಿಕೊಳ್ಳುತ್ತದೆ. ರೇಡಿಯೇಟರಿಗೆ ನೀರು ಹೋಗುವ ಬಾಯಿಯ ಸ್ಟಡ್ ಅದು. ಮುರಿಯುವ ಮೊದಲು ಒಂದು ಗಳಿಗೆ ಬೋಲ್ಟು ಮೆತ್ತಗಾಗುತ್ತದೆ ನೋಡು, "ಬಂತು, ಬಂತು" ಅಂತ ಖುಷಿಯಾಗುತ್ತದೆ. ನನಗೂ ಹಾಗೇ ಆಯಿತು. ಆಮೇಲೆ ಸ್ಪಾನರಿನ ಜೊತೆ ಅರ್ಧ ಸ್ಟಡ್ ಕೈಗೆ ಬಂತು.

ಧಣಿಗೆ ಹೇಳಲಿಲ್ಲ. ಸಂಬಳ ಹೆಚ್ಚು ಮಾಡುತ್ತೇನೆ ಅಂತ ಅವರು ಹೇಳಿದ್ದು ಅದೇ ವಾರ. ರಾತ್ರಿ ನಿಂತೆ. ಹದಿನೈದು ವರ್ಷದ ಹುಡುಗನೊಬ್ಬ ಗ್ಯಾರೇಜಿನಲ್ಲೇ ಮಲಗುತ್ತಿದ್ದ, ಪೆರ್ಲದ ಕಡೆಯವನು. ಅವನ ಕೈಗೆ ಮೂರು ಸೆಲ್ಲಿನ ಟಾರ್ಚು ಕೊಟ್ಟೆ. ತೂತು ಹಾಕಿ, ಮುರಿದ ಬೋಲ್ಟು ತಿರುಗಿಸಿ ತೆಗೆಯುವ ಈಸಿ ಔಟ್ ಇಳಿಸಿದೆ. ಅದರ ಹೆಸರೇ ಮೋಸ. ಗಟ್ಟಿ ಉಕ್ಕು, ಆದರೆ ಗಾಜಿನ ಜಾತಿ. ಸ್ವಲ್ಪ ಓರೆ ಒತ್ತಡ ಬಿದ್ದರೆ ಸಾಕು. ಟಿಕ್ ಅಂತ ಸಣ್ಣ ಸದ್ದು, ಸ್ಟಡ್ಡಿನ ಒಳಗೇ ಮುರಿದು ಕೂತಿತು. ಅದರ ಮೇಲೆ ಡ್ರಿಲ್ಲಿನ ಬಿಟ್ ಸುಮ್ನೆ ಜಾರುತ್ತದೆ, ಒಂದು ಗೀರು ಬೀಳುವುದಿಲ್ಲ. "ಟಾರ್ಚು ನೆಟ್ಟಗೆ ಹಿಡಿಯಲಿಕ್ಕಾಗುವುದಿಲ್ಲವಾ ನಿನಗೆ" ಅಂತ ಆ ಹುಡುಗನಿಗೆ ಬೈದೆ. ಅವನು ನೆಟ್ಟಗೇ ಹಿಡಿದಿದ್ದ.

ಮತ್ತೆ ನಾನು ಮಾಡಿದ್ದು ಕೇಳು. ಗ್ಯಾಸ್ಕೆಟ್ಟಿಗೆ ದಪ್ಪ ಶೆಲ್ಲಾಕ್ ಅಂಟು ಬಳಿದೆ. ಮುರಿದ ಅರ್ಧ ಸ್ಟಡ್ಡನ್ನು ನಟ್ಟಿನ ಸಮೇತ ತೂತಿನಲ್ಲಿ ಅಂಟಿಸಿದೆ. ನೋಡಿದವರಿಗೆ ಬೋಲ್ಟು ಇದೆ. ಕಾರು ಹತ್ತು ದಿನ ಓಡಿತು. ಆಮೇಲೆ ಮಡಿಕೇರಿಗೆ ಹೋಗುವಾಗ ಸಂಪಾಜೆ ಘಾಟಿಯಲ್ಲಿ ನೀರೆಲ್ಲ ಸೋರಿ ಇಂಜಿನ್ ಕಾದು ಹೆಡ್ ಬೆಂಡಾಯಿತು. ಎಳೆದುಕೊಂಡು ತಂದರು. ಧಣಿ ಆ ನಟ್ಟನ್ನು ಎರಡು ಬೆರಳಲ್ಲಿ ಎತ್ತಿದರು, ಹಲ್ಲು ಕಿತ್ತ ಹಾಗೆ ಬಂತು. ಹುಡುಗ ಅಲ್ಲೇ ಕೂತು ಸೀಮೆಎಣ್ಣೆಯಲ್ಲಿ ಸಾಮಾನು ತೊಳೆಯುತ್ತಿದ್ದ. ಧಣಿ ನನ್ನನ್ನು ಕೇಳಲಿಲ್ಲ, ಅವನನ್ನು ಕೇಳಿದರು. ಅವನು ನನ್ನ ಮುಖ ನೋಡಿದ. ನಾನು ಸೀಮೆಎಣ್ಣೆ ಡಬ್ಬ ನೋಡಿದೆ.

ಅದೇ ಸಂಜೆ ಅವನನ್ನು ಕಳಿಸಿದರು. ಅವನ ಒಂದು ನೀಲಿ ಅಂಗಿ ಹಿಂದಿನ ಗೋಡೆಯ ಮೊಳೆಯಲ್ಲೇ ಉಳಿಯಿತು. ಆ ಮಳೆಗಾಲ ಪೂರ್ತಿ ಅಲ್ಲೇ ನೇತಾಡಿ ಬೂಸ್ಟು ಹಿಡಿಯಿತು. ದೀಪಾವಳಿಗೆ ಗ್ಯಾರೇಜು ಗುಡಿಸುವಾಗ ಯಾರೋ ಅದನ್ನು ಕೈ ಒರೆಸಲು ಹರಿದರು. ನನ್ನ ಕೈಗೂ ಒಂದು ತುಂಡು ಕೊಟ್ಟರು.

ಇದನ್ನು ನಿನ್ನ ಅತ್ತೆಗೂ ಹೇಳಿಲ್ಲ.

ನಿನ್ನ ಕೆಲಸದ ಬಗ್ಗೆ ಎರಡು ಮಾತು ಬರೆಯಬೇಕು. ಸ್ಪಾನರ್ ಕೆಳಗಿಟ್ಟು ಇಷ್ಟು ವರ್ಷವಾದ ಮೇಲೆ ನಾನು ಹೇಳುವುದು ಸರಿಯೋ ಅಲ್ಲವೋ, ಧಣಿಯ ಹತ್ತಿರ ಇನ್ನೊಮ್ಮೆ ಕೇಳು. ಸ್ಟಡ್ ಹೆಡ್ಡಿಗೆ ಮಟ್ಟಸ ಮುರಿದಿದೆ ಅಂದೆಯಲ್ಲ, ಹಾಗಾದರೆ ಈಸಿ ಔಟಿಗೆ ಕೈ ಹಾಕಬೇಡ. ಮೇಲೆ ವಾಷರ್, ಅದರ ಮೇಲೆ ನಟ್ಟು ಇಟ್ಟು, ನಟ್ಟಿನ ಒಳಗಿಂದ ಸ್ಟಡ್ಡಿಗೆ ವೆಲ್ಡ್ ಮಾಡಿಸು. ಕಬ್ಬಿಣದ ವೆಲ್ಡ್ ಅಲ್ಯುಮಿನಿಯಂಗೆ ಹಿಡಿಯುವುದಿಲ್ಲ, ಆ ಹೆದರಿಕೆ ಬೇಡ. ಆ ಬಿಸಿಗೇ ತುಕ್ಕು ಸಡಿಲವಾಗುತ್ತದೆ. ಕೆಂಪು ಇಳಿದ ಮೇಲೆ, ಬೆಚ್ಚಗಿರುವಾಗಲೇ ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಆಡಿಸು, ಒಂದೇ ಸಲ ಎಳೆಯಬೇಡ. ನಟ್ಟು ಎರಡು ಮೂರು ಸಲ ಕಿತ್ತು ಬಂದರೂ ಬೇಜಾರಿಲ್ಲ, ಪುನಃ ಹಾಕಿಸು. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚು. ಈಗಿನ ಕಾರಿನಲ್ಲಿ ಕಂಪ್ಯೂಟರ್ ಇದೆಯಲ್ಲ, ಅದು ಸುಟ್ಟರೆ ಬೋಲ್ಟಿನ ಕಥೆ ಎಷ್ಟೋ ವಾಸಿ.

ಗ್ಯಾಸಿನಲ್ಲಿ ಕಾಯಿಸುವುದಾದರೆ ಸ್ಟಡ್ಡನ್ನಲ್ಲ, ಸುತ್ತಲಿನ ಹೆಡ್ಡನ್ನು ಕಾಯಿಸು. ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಾಲು ಹಿಗ್ಗುತ್ತದೆ. ಆದರೆ ಕಬ್ಬಿಣದ ಹಾಗೆ ಕೆಂಪಾಗಿ ತೋರಿಸುವುದಿಲ್ಲ, 660 ಡಿಗ್ರಿ ಮುಟ್ಟುವ ಮೊದಲೇ ಹೇಳದೆ ಕೇಳದೆ ಕರಗಿಬಿಡುತ್ತದೆ. ಹತ್ತಿರದಲ್ಲೇ ಪೆಟ್ರೋಲಿನ ಪೈಪು ಇರುತ್ತದೆ. ರಾತ್ರಿ, ಬಾಗಿಲು ಹಾಕಿಕೊಂಡು, ನೀವಿಬ್ಬರೇ, ಆ ಹುಡುಗ ಟಾರ್ಚು ಹಿಡಿದು ಮುಖ ಹತ್ತಿರ ತಂದು ನಿಂತಿರುತ್ತಾನೆ. ನೋಡು, ಎಲ್ಲಿಂದ ಹೊರಟರೂ ಅಲ್ಲಿಗೇ ಬರುತ್ತೇನೆ.

ಡ್ರಿಲ್ ಹಾಕಲೇಬೇಕಾದರೆ ನಡುವಿಗೆ ಪಂಚ್ ಹೊಡೆದು 3 ಎಂಎಂನಿಂದ ಶುರು ಮಾಡು. ಡ್ರಿಲ್ಲಿನ ಬಿಟ್ ಬದಿಗೆ ಜಾರಿದರೆ ಮೆತ್ತಗಿನ ಅಲ್ಯುಮಿನಿಯಂ ಕಡೆಗೇ ಓಡುತ್ತದೆ. ಥ್ರೆಡ್ ಹಾಳಾದರೆ ಹೊಸ ಥ್ರೆಡ್ಡಿಗೆ ಸುರುಳಿ ತಂತಿಯ ಹೆಲಿಕಾಯಿಲ್ ಹಾಕಿಸಬಹುದು, ಅದಕ್ಕೂ ಧಣಿಗೆ ಗೊತ್ತಿರಬೇಕು, ದುಡ್ಡು ಅವರದ್ದು. ನನ್ನ ಹಳೆಯ ಸೆಂಟರ್ ಪಂಚ್ ಈ ಕಾಗದದ ಜೊತೆ ಕಳಿಸಿದ್ದೇನೆ. ತುದಿ ಇನ್ನೂ ಚೂಪಾಗಿದೆ.

ಧಣಿ ಬೈಯಬಹುದು, ಒಂದು ವಾರದ ಸಂಬಳ ಹಿಡಿಯಬಹುದು. ಹಿಡಿದರೆ ನಾನು ಕೊಡುತ್ತೇನೆ, ಅಮ್ಮನಿಗೆ ಹೇಳುವುದು ಬೇಡ. ಕೆಲಸವೇ ಹೋದರೆ ಕುಂಬಳೆಗೆ ಬಾ, ಇಲ್ಲಿ ಯಾರನ್ನಾದರೂ ಕೇಳೋಣ. ನಾಳೆಯೇ ಹೇಳು, ಹಗಲಿನಲ್ಲಿ, ಆ ಹುಡುಗ ಕೇಳುವ ಹಾಗೆ. ಅವನು ಅಲ್ಲಿ ಇದ್ದರೆ ಒಳ್ಳೆಯದು.

ಮಧೂರಿಗೆ ಹೋದಾಗೆಲ್ಲ, ಬಸ್ಸಿನಲ್ಲಿ ಪೆರ್ಲದ ಕಡೆಯವರು ಸಿಕ್ಕಿದಾಗೆಲ್ಲ, ನಾನು ವಿಚಾರಿಸಿದ್ದೇನೆ. ಹೆಸರು ಹೇಳಿ ಕೇಳಿದರೆ ಆ ಹೆಸರಿನವರು ಊರಿಗೆ ಹತ್ತು ಜನ ಇದ್ದಾರೆ. ಅವನ ಮನೆ ಎಲ್ಲಿ, ತಂದೆ ಯಾರು ಅಂತ ನಾನು ಆಗ ಕೇಳಿಯೇ ಇರಲಿಲ್ಲ. ಒಂದು ವರ್ಷ ಒಟ್ಟಿಗೆ ಉಂಡಿದ್ದೆವು.

ನಿನ್ನ ಗ್ಯಾರೇಜಿನ ಹುಡುಗ ಯಾವ ಊರಿನವನು ಅಂತ ನೀನು ಬರೆದಿಲ್ಲ.

ನಿನ್ನ ಮಾವ