ಯೋಜನೆಗೆ ತಕರಾರು ಮಾಡುವವರೂ ಬೇಕು

ಸಾಂಕ್ರಾಮಿಕ ರೋಗ ಎದುರಿಸುವ ಸರ್ಕಾರಿ ಯೋಜನೆಗಳನ್ನು ಬರೆದವರೇ ಪರಿಶೀಲಿಸಿದರೆ ಸಾಲದು. ಹೊರಗಿನ ತಜ್ಞರ ತಕರಾರಿಗೂ ಒಡ್ಡಬೇಕು. ಬ್ರಿಟನ್ನಿನ ಕೋವಿಡ್ ವಿಚಾರಣೆಯ ಮೊದಲ ವರದಿ (ಜುಲೈ 2024) ಹೇಳಿದ್ದೂ ಇದನ್ನೇ. ಅಲ್ಲಿ ಸಿದ್ಧತೆಯೆಲ್ಲ ಫ್ಲೂ ಜ್ವರಕ್ಕಾಗಿ ನಡೆದಿತ್ತು, ಬಂದದ್ದು ಕೊರೊನಾ.

ನಾವು ಅಷ್ಟು ದೂರ ನೋಡಬೇಕಿಲ್ಲ. 2021ರ ಮೇ ತಿಂಗಳಲ್ಲಿ ಪಕ್ಕದ ಚಾಮರಾಜನಗರದಲ್ಲಿ ಆಮ್ಲಜನಕವಿಲ್ಲದೆ ರೋಗಿಗಳು ಸತ್ತರು. ಸಿಲಿಂಡರ್‌ಗಳು ಬರಬೇಕಿದ್ದುದು ಮೈಸೂರಿನಿಂದ. ‘ಲಾರಿ ಬಾರದಿದ್ದರೆ ಏನು ಮಾಡುತ್ತೀರಿ?’ ಎಂದು ಮೊದಲೇ ಪಟ್ಟು ಹಿಡಿದು ಕೇಳುವವರು ಬೇಕಿತ್ತು.

ವೈದ್ಯಕೀಯ ಕಾಲೇಜುಗಳಿರುವ ಮೈಸೂರಿನಲ್ಲಿ ಅಂಥವರಿಗೆ ಬರವಿಲ್ಲ. ಸಭೆಯಲ್ಲಿ ಕಾಫಿ ಕುಡಿದು ತಲೆಯಾಡಿಸುವವರನ್ನು ಬಿಟ್ಟು, ಹುಳುಕು ಹುಡುಕುವುದನ್ನೇ ಕೆಲಸವಾಗಿಸಿಕೊಂಡ ಸ್ವತಂತ್ರ ತಂಡವೊಂದನ್ನು ಸರ್ಕಾರ ಪ್ರತಿ ಜಿಲ್ಲೆಯಲ್ಲೂ ರಚಿಸಲಿ. ಅದರ ಆಕ್ಷೇಪಗಳನ್ನೂ ಅಧಿಕಾರಿಗಳ ಉತ್ತರವನ್ನೂ ವರ್ಷಕ್ಕೊಮ್ಮೆ ಪ್ರಕಟಿಸಲಿ.

– ನಿವೃತ್ತ ಶಿಕ್ಷಕಿ, ಕುವೆಂಪುನಗರ, ಮೈಸೂರು